ಇಂಟ್ಯಾಕ್ಟ್ ಎಂದರೆ ಸಾಬೂತ್

ಇಂಗ್ಲಿಷಿನಲ್ಲಿ ಇಂಟ್ಯಾಕ್ಟ್ ಎಂಬ ಒಂದು ಶಬ್ದವಿದೆ. ಹುಮನಾಬಾದಿನ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಹಾಳು ವ್ಯಾಕರಣವನ್ನೆಲ್ಲ ಅರೆದು ಕುಡಿಸಿದ್ದೇನೆ. ಈ ಒಂದು ಶಬ್ದ ಬಂದಾಗ ಮಾತ್ರ ಬೋರ್ಡಿನ ಮೇಲೆ ಅರ್ಥ ಬರೆದು ಪುಟ ತಿರುಗಿಸಿಬಿಡುತ್ತೇನೆ. ಹೋದ ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅರ್ಥ ತಿಳೀತ್ರಿ. ಅದನ್ನ ಎಲ್ಲಿ ಬಳಸಬೇಕು? ಒಂದ್ ವಾಕ್ಯ ಹೇಳ್ರಿ" ಎಂದಳು. ಸರಿಯಾದ ಪ್ರಶ್ನೆಯೇ. ನಾನು ಅವಳ ಮೇಲೆ ಹರಿಹಾಯ್ದೆ. "ಎಲ್ಲಾ ನಾನೇ ಹೇಳಬೇಕೇನು? ಮನ್ಯಾಗ ಕುಂತು ಬರಕೊಂಡು ಬಾ" ಎಂದು ಕೂಗಿದೆ. ಹುಡುಗಿ ಕಣ್ಣು ತುಂಬಿಕೊಂಡು ಕೂತಳು. ಅವಳದೇನೂ ತಪ್ಪಿರಲಿಲ್ಲ. ಆವತ್ತು ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಅರ್ಥ ಸರಳವಾದದ್ದು. ಮುಕ್ಕಾಗದ, ಒಡೆಯದ, ಯಾರೂ ಕೈ ಹಚ್ಚದ, ಹೇಗಿತ್ತೋ ಹಾಗೇ ಉಳಿದ ವಸ್ತು ಇಂಟ್ಯಾಕ್ಟ್. ನಮ್ಮ ಕಡೆ ಇಂಥದಕ್ಕೆ ಶಬ್ದಗಳ ಬರವೇ? ಇಡೀ ಅನ್ನುತ್ತೇವೆ, ಅಖಂಡ ಅನ್ನುತ್ತೇವೆ, ಪೇಟೆಯಲ್ಲಿ ಸಾಬೂತ್ ಅನ್ನುತ್ತೇವೆ. ಉರ್ದುವಿನಿಂದ ಬಂತೋ ಮರಾಠಿಯಿಂದ ಬಂತೋ, ಅಂಗಡಿಗೆ ಹೋದರೆ "ಒಡೆದ ಹೆಸರುಕಾಳು ಬೇಕೋ ಸಾಬೂತ್ ಬೇಕೋ" ಎಂದು ಈಗಲೂ ಕೇಳುತ್ತಾರೆ. ಆದರೆ ಇಂಟ್ಯಾಕ್ಟ್ ಎಂಬುದರ ಬಳಕೆಯಲ್ಲಿ ಒಂದು ವಿಶೇಷವಿದೆ, ಅದನ್ನು ನನಗೆ ಯಾವ ನಿಘಂಟೂ ಹೇಳಿಕೊಡಲಿಲ್ಲ. ಸುಖವಾಗಿರುವ ಮನೆಯನ್ನು ನೋಡಿ ಯಾರೂ ಈ ಮನೆ ಇಂಟ್ಯಾಕ್ಟ್ ಆಗಿದೆ ಅನ್ನುವುದಿಲ್ಲ. ಬೆಂಕಿ ಬಿದ್ದ ಓಣಿಯಲ್ಲಿ ಒಂದೇ ಮನೆ ಉಳಿದರೆ ಹಾಗನ್ನುತ್ತಾರೆ. ಒಡೆಯುವ ಭಯ ಎಲ್ಲಿದೆಯೋ ಅಲ್ಲಿಗೇ ಆ ಶಬ್ದ ಬರುವುದು. ಹೀಗಾಗಿ ಯಾರ ಬಾಯಲ್ಲಾದರೂ ಅದು ಕೇಳಿಸಿದರೆ, ಒಡೆದದ್ದು ಯಾವುದು ಎಂದು ನಾನು ಮೊದಲು ಹುಡುಕುತ್ತೇನೆ.

ಅದನ್ನು ನಾನು ಮೊದಲು ಕಲಿತದ್ದು ಐವತ್ತಾರರಲ್ಲಿ. ನಮ್ಮೂರು ಬಸವಕಲ್ಯಾಣ. ನಾವು ಬರೀ ಕಲ್ಯಾಣ ಅನ್ನುತ್ತೇವೆ. ಆ ವರ್ಷ ರಾಜ್ಯಗಳು ಭಾಷೆಯ ಮೇಲೆ ಹಂಚಿಕೆಯಾಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಾನು ಆಗಷ್ಟೇ ಮೆಟ್ರಿಕ್ ಮುಗಿಸಿ ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಗಡಿಯ ಆಚೆಗೆ ಹೋದ ಕಚೇರಿಗಳಿಂದ ನಮ್ಮ ಪಾಲಿಗೆ ಬಂದ ಹಳ್ಳಿಗಳ ಕಾಗದಪತ್ರಗಳು ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಅರಗಿನ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದವು. ಮುದ್ರೆ ನೋಡಿ, ಚೀಟಿಯ ಮೇಲೆ "ಇಂಟ್ಯಾಕ್ಟ್" ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಕಚೇರಿಯಲ್ಲಿ ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ಆ ಸೊಕ್ಕು ಎಷ್ಟಿತ್ತೆಂದರೆ, ಸಹಿ ಹಾಕುವಾಗ ಅಕ್ಕಪಕ್ಕದವರು ನೋಡುತ್ತಿದ್ದಾರೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡಿಕೊಳ್ಳುತ್ತಿದ್ದೆ.

ನನ್ನ ಪಕ್ಕದ ಗಾದಿಯ ಮೇಲೆ ನಿಜಾಮರ ಕಾಲದಿಂದ ಉರ್ದು ದಫ್ತರ ನೋಡುತ್ತಿದ್ದ ಮುನ್ಶಿ ಸಾಹೇಬರು ಕೂರುತ್ತಿದ್ದರು. ಒಂದು ದಿನ ಅವರು ಕೇಳಿದರು: "ಏನ್ ಬರೀಲಾಕತ್ತೀ ಬೇಟಾ, ದಿನಾ ಅದೇ ಶಬ್ದ?"

"ಇಂಟ್ಯಾಕ್ಟ್ ಅಂತ್ರಿ. ಸಾಬೂತ್ ಅದ ಅಂತ ಅರ್ಥ."

"ಏನ್ ಸಾಬೂತ್ ಅದ? ಮುದ್ರಿನೋ, ಒಳಗಿನ ಕಾಗದನೋ?"

"ಪೆಟಿಗಿ ರೀ."

"ತೆಗದು ನೋಡೀಯೇನು?"

ನೋಡಿರಲಿಲ್ಲ. ನೋಡುವುದು ನನ್ನ ಕೆಲಸವಲ್ಲ ಎಂದೆ. ಅವರು ತಲೆ ಅಲ್ಲಾಡಿಸಿ ತಮ್ಮ ದಫ್ತರದ ಕಡೆ ತಿರುಗಿದರು. ಆರು ತಿಂಗಳ ಮೇಲೆ ಒಂದು ಹಳ್ಳಿಯ ಜನ ತಮ್ಮ ಹೊಲದ ಕಾಗದ ಕೇಳಿಕೊಂಡು ಬಂದಾಗ ಪೆಟ್ಟಿಗೆ ಒಡೆದೆವು. ಒಳಗೆ ಗೆದ್ದಲು ತಿಂದ ಮಣ್ಣು ಬಿಟ್ಟರೆ ಒಂದು ಹಾಳೆ ಇರಲಿಲ್ಲ. ಬಂದವರಲ್ಲಿ ಒಬ್ಬ ಮುದುಕ ಆ ಮಣ್ಣನ್ನು ಮುಟ್ಟಿಮುಟ್ಟಿ ನೋಡಿದ. ವಿಚಾರಣೆ ಆಯಿತು. ನನ್ನ ಚೀಟಿ ತೆಗೆದರು. ಮುದ್ರೆ ಇಂಟ್ಯಾಕ್ಟ್ ಇತ್ತು, ಹುಡುಗನ ತಪ್ಪಿಲ್ಲ ಎಂದು ಬರೆದುಕೊಂಡು ಹೋದರು. ನನಗೆ ಜೀವ ಬಂದಂತಾಯಿತು. ಆ ಮುದುಕನ ಬಗ್ಗೆ ಒಂದು ಗಳಿಗೆಯೂ ಯೋಚಿಸಲಿಲ್ಲ, ಒಳ್ಳೆಯ ಶಬ್ದ ಕಲಿತೆ ಎಂದುಕೊಂಡೆ. ಮುಂದೆ ಓದಿ, ಹುಮನಾಬಾದಿನಲ್ಲಿ ಮಾಸ್ತರನಾಗಿ, ಮಾಣಿಕನಗರದ ಹಾದಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದೆ. ಅಪ್ಪ, ಅವ್ವ ಕಲ್ಯಾಣದಲ್ಲೇ ಇದ್ದರು.

ಅಪ್ಪನ ಬಗ್ಗೆ ಹೇಳಬೇಕು. ಎತ್ತರದ ಆಳು, ಮಾತು ಕಡಿಮೆ, ಒಮ್ಮೆ ಇಲ್ಲ ಅಂದರೆ ಇಲ್ಲ. ನಾವು ಲಿಂಗ ಕಟ್ಟುವ ಮಂದಿ. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜೆ ಮಾಡಬೇಕು. ಅದಾಗುವವರೆಗೆ ಅಪ್ಪನ ಬಾಯಿಗೆ ತುತ್ತು ಹೋಗುತ್ತಿರಲಿಲ್ಲ, ನೀರೂ ಇಲ್ಲ. ದಿನಕ್ಕೆ ಎರಡು ಸಲ ಈ ಪೂಜೆ. ಪತ್ರಿ ಎಲೆಯನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಹುಳ ತಿಂದು ತೂತು ಬಿದ್ದಿದ್ದರೆ ಅತ್ತ ಎಸೆಯುತ್ತಿದ್ದ. "ಭಿನ್ನ ಆದದ್ದು ಲಿಂಗಕ್ಕ ಸಲ್ಲಂಗಿಲ್ಲ" ಎನ್ನುತ್ತಿದ್ದ. ಬಾಯಿ ಮುಕ್ಕಾದ ತಂಬಿಗೆಯನ್ನು ಪೂಜೆಗೆ ಕೊಟ್ಟಳೆಂದು ಒಂದು ಸಲ ಅವ್ವನ ಜೊತೆ ಎರಡು ದಿನ ಮಾತು ಬಿಟ್ಟಿದ್ದ. ನಾನು ಇದನ್ನೆಲ್ಲ ನೋಡುತ್ತ ಬೆಳೆದವನು. ಅಪ್ಪನನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು ಎಂಬ ಧಿಮಾಕು ನನಗಿತ್ತು.

ಎಪ್ಪತ್ತರ ದಶಕ ಶುರುವಾದ ಕಾಲ. ಮಾಘ ಮಾಸದಲ್ಲಿ ಜೋಳ ಕೊಯ್ಯುವಾಗ ಕುಡುಗೋಲು ಜಾರಿ ಅಪ್ಪನ ಎಡಗೈ ಕಿರುಬೆರಳಿಗೆ ತಾಗಿತು. ಸಣ್ಣ ಗಾಯ. ಅರಿಶಿನ ಮೆತ್ತಿ, ಬಟ್ಟೆಯ ಚೂರು ಸುತ್ತಿ ಮತ್ತೆ ಕೊಯ್ಯಲು ನಿಂತನಂತೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗಾರಿಗೂ ಗೊತ್ತಿರಲಿಲ್ಲ. ಬಚ್ಚಲಿನ ಹತ್ತಿರ ಇರುವೆ ಮುತ್ತುತ್ತಿದ್ದವು, ಬೆಲ್ಲದ ಗಡಿಗೆ ಒಡೆದಿರಬೇಕೆಂದು ಅವ್ವ ಗೂಡೆಲ್ಲ ಹುಡುಕಿದ್ದಳು. ಹದಿನೈದು ದಿನಕ್ಕೆ ಗಾಯ ಮಾಯುವ ಬದಲು ಬೆರಳು ಕಪ್ಪಿಟ್ಟಿತು, ಪಕ್ಕದ ಬೆರಳಿಗೂ ಕಪ್ಪು ಏರಿತು. ಅವ್ವ ಯಾರದೋ ಕೈಯಲ್ಲಿ ಹೇಳಿಕಳಿಸಿದಳು. ನಾನು ಹೋಗಿ ಅಪ್ಪನನ್ನು ಹುಮನಾಬಾದಿನ ಬಸ್ಸಿಗೆ ಹತ್ತಿಸಿಕೊಂಡೆ.

ಬಸ್ಸು ರಾಜೇಶ್ವರ ಊರನ್ನು ದಾಟಿತು. ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: "ತಮ್ಮಾ, ಕೊಯ್ಯೋ ಮಾತ ಆಡಿದ್ರ ನಾ ಎದ್ದು ಬರಾಂವ. ಈಗೇ ಹೇಳಿರ್ತೀನಿ."

"ಯಾಕ ಹಂಗಂತೀರಿ? ಮದ್ದು ಕೊಡ್ತಾರ, ಕಮ್ಮಿ ಆಗ್ತದ."

"ಕೊಹಿನೂರ ಊರಾಗ ನಮ್ಮ ಬೀಗರ ಕಾಲು ಕೊಯ್ದ್ರು. ಮತ್ತ ಮೂರ ತಿಂಗಳಿಗಿ ಮಣ್ಣ ಕೊಟ್ಟು ಬಂದೀವಿ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇನ್ನುಳಿದ ಹಾದಿಯುದ್ದಕ್ಕೂ ಡಾಕ್ಟರರು ಕೊಯ್ಯುವ ಮಾತೆತ್ತದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಹುಮನಾಬಾದಿನ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರರು ಕೇರಳದವರು, ಒಳ್ಳೆಯ ಮನುಷ್ಯ. ಕನ್ನಡ ಬಾರದು, ಹಿಂದಿಯೂ ಬಾರದು. ರೋಗಿಗಳ ಮಾತನ್ನು ಅವರಿಗೆ ತಿಳಿಸುತ್ತಿದ್ದ ನರ್ಸ್ ತಮ್ಮನ ಮದುವೆಗೆಂದು ತಿಂಗಳ ರಜೆ ಹಾಕಿದ್ದಳು. "ನಾನು ಇಂಗ್ಲಿಷ್ ಮಾಸ್ತರ" ಎಂದು ನಾನು ಎದೆ ಮುಂದೆ ಮಾಡಿ ಹೇಳಿದಾಗ ಡಾಕ್ಟರರ ಮುಖ ಅರಳಿತು. ಅಪ್ಪನ ಕೈಯನ್ನು ಬೆಳಕಿಗೆ ಹಿಡಿದು, ಬೆರಳುಗಳನ್ನು ಒತ್ತಿ, ಮೂತ್ರ ಪರೀಕ್ಷೆ ಮಾಡಿಸಿ, ಆಮೇಲೆ ನನ್ನ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿದರು. ಎರಡು ಬೆರಳು ಸತ್ತಿವೆ, ಇವತ್ತೇ ತೆಗೆಯಬೇಕು. ತೆಗೆದರೆ ಉಳಿದ ಕೈ ಇಂಟ್ಯಾಕ್ಟ್ ಆಗಿ ಉಳಿಯುತ್ತದೆ. ಬಿಟ್ಟರೆ ವಿಷ ಮೇಲಕ್ಕೆ ಏರುತ್ತದೆ, ಆಮೇಲೆ ಎಲ್ಲಿಯವರೆಗೆ ಕತ್ತರಿಸಬೇಕಾದೀತೋ ನಾನು ಹೇಳಲಾರೆ, ಜೀವವೂ ಹೋದೀತು.

ಅಪ್ಪ ಡಾಕ್ಟರರ ಬಾಯನ್ನೇ ನೋಡುತ್ತಿದ್ದ. ಅಷ್ಟೂ ಮಾತಿನಲ್ಲಿ ಒಂದು ಶಬ್ದ ಅವನ ಕಿವಿಗೆ ಬಿದ್ದಿತ್ತು.

"ಇಂಟ್ಯಾಕ್ಟ್ ಅಂದ್ರಲ್ಲ, ಅದೇನು?"

"ಸಾಬೂತ್ ಅಂತ್ರಿ."

"ಅಂದ್ರ ಕೈ ಸಾಬೂತ್ ಉಳಿತದಂತ?"

ಅಪ್ಪ ಖುರ್ಚಿಯ ತುದಿಗೆ ಕೂತಿದ್ದ, ಧೋತರದ ಚುಂಗನ್ನು ಬಲಗೈಯಲ್ಲಿ ಹಿಡಿದಿದ್ದ, ಇನ್ನೇನು ಎದ್ದೇಬಿಡುತ್ತಾನೆ ಅನ್ನಿಸಿತು. ಬೆರಳು ಅಂದರೆ ಎದ್ದು ಹೋಗುತ್ತಾನೆ, ಎದ್ದು ಹೋದರೆ ಇಂಜೆಕ್ಷನ್ನೂ ಇಲ್ಲ, ಮದ್ದೂ ಇಲ್ಲ. ಈಗ ಹೌದು ಅಂದುಬಿಟ್ಟರೆ ನಾಲ್ಕು ದಿನವಾದರೂ ಬರುತ್ತಾನೆ, ಅಷ್ಟರಲ್ಲಿ ಮದ್ದಿಗೇ ಗುಣವಾದರೂ ಆದೀತು. ಎಷ್ಟು ಬೇಗ ಇದೆಲ್ಲ ನನ್ನ ತಲೆಯಲ್ಲಿ ಓಡಿತು ಎಂದರೆ, ಅಪ್ಪನ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಉಸಿರು ಬಿಡುವಷ್ಟೂ ಹೊತ್ತು ಆಗಿರಲಿಕ್ಕಿಲ್ಲ.

"ಹೌದ್ರಿ ಅಪ್ಪಾ. ಸಾಬೂತ್ ಉಳಿತದಂತ."

ಶಬ್ದದ ಅರ್ಥವನ್ನು ನಾನು ಸರಿಯಾಗಿಯೇ ಹೇಳಿದ್ದೆ. ಅದರ ಹಿಂದೆ ಇದ್ದ ಎರಡು ಬೆರಳುಗಳನ್ನು ನುಂಗಿಬಿಟ್ಟಿದ್ದೆ. ಡಾಕ್ಟರರ ಕಡೆ ತಿರುಗಿ, ತಂದೆಯವರು ಒಪ್ಪುತ್ತಿಲ್ಲ, ಕೆಲವು ದಿನ ಇಂಜೆಕ್ಷನ್ ಕೊಟ್ಟು ನೋಡಿರಿ ಎಂದೆ. ಅವರು ಮತ್ತೆ ಮತ್ತೆ ಹೇಳಿದರು, ನಾನು ಮತ್ತೆ ಮತ್ತೆ ಅದೇ ಅಂದೆ. ಕಡೆಗೆ ಒಂದು ಹಾಳೆ ಮುಂದಿಟ್ಟು ಬರೆದುಕೊಡಿ ಎಂದರು. ಎರಡು ಬೆರಳು ತೆಗೆಯಲು ಡಾಕ್ಟರರು ಹೇಳಿದ್ದಾರೆ, ಆದರೆ ನನ್ನ ತಂದೆಯ ಕೈ ಇಂಟ್ಯಾಕ್ಟ್ ಆಗಿ ಇರಬೇಕೆಂಬುದು ನಮ್ಮ ಇಚ್ಛೆ, ಮುಂದಿನದಕ್ಕೆಲ್ಲ ನಾವೇ ಹೊಣೆ ಎಂದು ದುಂಡಗೆ ಬರೆದು ಸಹಿ ಹಾಕಿದೆ. ಡಾಕ್ಟರರು ಓದಿ, ಬೇಸರದ ನಡುವೆಯೂ, "ನಿಮ್ಮ ಇಂಗ್ಲಿಷ್ ಚೆನ್ನಾಗಿದೆ" ಎಂದರು. ಅಷ್ಟು ಹೊತ್ತಿನಲ್ಲೂ ನನಗೆ ಅದನ್ನು ಕೇಳಿ ಹಿಗ್ಗಾಯಿತು. ಥೂ, ನನ್ನ ಜನ್ಮಕ್ಕಿಷ್ಟು!

ಎರಡು ದಿನಕ್ಕೊಮ್ಮೆ ಬಂದು ಪಟ್ಟಿ ಬದಲಿಸಿಕೊಳ್ಳಬೇಕು, ಗಾಯಕ್ಕೆ ಒಂದು ಹನಿ ನೀರು ತಾಗಬಾರದು ಎಂದು ಹೇಳಿದ್ದರು. ಅದನ್ನು ಮಾತ್ರ ನಾನು ಸರಿಯಾಗಿ ತಿಳಿಸಿದೆ. ಅಪ್ಪ ತಲೆ ಆಡಿಸಿದ. ಮನಸ್ಸು ಹಗುರಾಗಿತ್ತು ಅವನಿಗೆ. ಬಸ್ಸಿನಲ್ಲಿ ಪಕ್ಕದವನಿಗೆ, "ಮಗ ಇಂಗ್ಲಿಷ್ ಕಲ್ತದ್ದು ಇವತ್ತ ಕೆಲಸಕ್ಕ ಬಂತು ನೋಡ್ರಿ" ಎಂದು ಹೇಳಿದ. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ ಆಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಮೊದಲ ವಾರ ಬೆರಳಿನ ಊತ ಸ್ವಲ್ಪ ಇಳಿದಂತೆ ಕಂಡಿತು. ನಾನು ಗೆದ್ದೆ ಅಂದುಕೊಂಡೆ. ಎರಡನೆಯ ವಾರ ಡಾಕ್ಟರರು ಪಟ್ಟಿ ಬಿಚ್ಚಿದವರೇ ಮೂಗು ಮುಚ್ಚಿಕೊಂಡು, ಇದು ಒದ್ದೆಯಾಗಿದೆ, ಯಾಕೆ ಎಂದು ಗದರಿದರು. "ಏನಂತಾರ?" ಎಂದು ಅಪ್ಪ ಕೇಳಿದ. "ಸ್ವಲ್ಪ ಜ್ವಾಕಿ ಮಾಡ್ರಿ ಅಂತಾರ" ಎಂದೆ. ಡಾಕ್ಟರರು ಇನ್ನೊಂದು ವಾರ ಬಿಟ್ಟರೆ ಕೈ ಹೋಗುತ್ತದೆ ಎಂದರು. "ಏನಂತಾರ?" "ಮುಂದಿನ ವಾರ ಮತ್ತ ನೋಡ್ತಾರಂತ." ಹೀಗೆ ಡಾಕ್ಟರರ ಮಾತು ನನ್ನ ಬಾಯಿಗೆ ಬಂದು ಮೆತ್ತಗಾಗಿ ಅಪ್ಪನ ಕಿವಿಗೆ ಹೋಗುತ್ತಿತ್ತು. ಒಂದು ಸುಳ್ಳು ಹೇಳಿದವನಿಗೆ ನಿಜ ಹೇಳುವ ಬಾಗಿಲೇ ಮುಚ್ಚಿಹೋಗುತ್ತದೆ. ಈಗ ಬೆರಳಿನ ವಿಷಯ ಎತ್ತಿದರೆ, ಮೊದಲ ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ನಾನು ಹೆದರಿದ್ದೆ, ಕೈ ಹೋಗುವುದಕ್ಕಿಂತ ಹೆಚ್ಚು ಹೆದರಿದ್ದೆ.

ಪಟ್ಟಿ ಯಾಕೆ ಒದ್ದೆಯಾಗುತ್ತಿತ್ತು ಎಂಬುದು ಆ ಭಾನುವಾರ ಕಲ್ಯಾಣಕ್ಕೆ ಹೋದಾಗ ತಿಳಿಯಿತು. ಬಾಗಿಲಿಗೆ ಹೋಗುತ್ತಲೇ ಲೋಬಾನದ ಹೊಗೆ ಕಣ್ಣಿಗೆ ರಾಚಿತು. ಅಷ್ಟು ಹೊಗೆ ನಮ್ಮ ಮನೆಯಲ್ಲಿ ಎಂದೂ ಹಾಕಿರಲಿಲ್ಲ. ಅವ್ವ ಹೊಸ್ತಿಲಲ್ಲೇ ತಡೆದು ಪಿಸುಗುಟ್ಟಿದಳು: "ವಾಸನಿ ಬಡೀಲಾಕತ್ತದ ತಮ್ಮಾ. ಮಂದಿಗಿ ತಿಳೀಬಾರದು ಅಂತ ಹಾಕೀನಿ." ಒಳಗೆ ಅಪ್ಪ ಪೂಜೆಗೆ ಕೂತಿದ್ದ. ಪಟ್ಟಿ ಬಿಚ್ಚಿ ಪಕ್ಕದಲ್ಲಿತ್ತು, ಇರುವೆಯ ಸಾಲು ಗೋಡೆಯಿಂದ ಇಳಿದು ಅದರ ಮೇಲೆ ಹತ್ತುತ್ತಿತ್ತು. ಕೀವು ತಾಗಿದ ಬಟ್ಟೆಯ ಮೇಲೆ ಲಿಂಗ ಇಡುವುದು ಹೇಗೆ? ಅದಕ್ಕೇ ಅವನು ದಿನಕ್ಕೆ ಎರಡು ಸಲ ಪಟ್ಟಿ ಬಿಚ್ಚಿ, ಗಾಯವನ್ನು ಬಾವಿಯ ನೀರಿನಿಂದ ತೊಳೆದು, ವಿಭೂತಿ ಹಚ್ಚಿ, ಆ ಬರಿಗೈಯ ಮೇಲೆ ಲಿಂಗ ಇಟ್ಟು ನೀರೆರೆಯುತ್ತಿದ್ದ. ಆಮೇಲೆ ಅದೇ ಪಟ್ಟಿಯನ್ನು ಮತ್ತೆ ಸುತ್ತುತ್ತಿದ್ದ. ಕಪ್ಪು ಈಗ ಬೆರಳು ಬಿಟ್ಟು ಅಂಗೈಯ ಅಂಚಿಗೆ ಇಳಿದಿತ್ತು.

"ಅಪ್ಪಾ, ನೀರು ತಾಗಬಾರದು ಅಂತ ಹೇಳಿದ್ರಲ್ರಿ!"

ಅವನು ಪೂಜೆ ಮುಗಿಸಿದ. ಲಿಂಗವನ್ನು ಕರಡಿಗೆಗೆ ಸೇರಿಸಿ ನಿಧಾನವಾಗಿ ಹೇಳಿದ: "ಲಿಂಗದ ನೀರಿಗಿ ಏನ್ ಆಗ್ತದ? ಮತ್ತ ಡಾಕ್ಟರ್ ಸಾಬೂತ್ ಉಳಿತದ ಅಂತ ಕರಾರ ಮಾಡ್ಯಾನಲ್ಲ. ಅಂಜಬ್ಯಾಡ."

ಆಗ ಹೇಳಬೇಕಿತ್ತು. ಅವ್ವನ ಎದುರಿಗೇ, ಆ ಇರುವೆಗಳ ಎದುರಿಗೇ ಹೇಳಿಬಿಡಬೇಕಿತ್ತು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ರಿ ಎಂದಷ್ಟೇ ಹೇಳಿ ಚಹಾ ಕೂಡ ಕುಡಿಯದೆ ಹೊರಟೆ. ಬಸ್ ಸ್ಟ್ಯಾಂಡಿನ ತನಕ ಬಂದ ಅವ್ವ, "ಬೆರಳು ಹೋದ್ರ ಹೋಗ್ಲಿ, ಜೀವಕ್ಕೇನರ ಆಗ್ತದೇನೋ ತಮ್ಮಾ, ಖರೆ ಹೇಳು" ಎಂದು ಕೈ ಹಿಡಿದು ಕೇಳಿದಳು. "ಏನೂ ಆಗಂಗಿಲ್ಲ" ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಬಸ್ಸು ತಿರುಗುವ ತನಕ ಅಲ್ಲೇ ನಿಂತಿದ್ದಳು.

ಮರುದಿನದ ಮೊದಲ ಬಸ್ಸಿನಲ್ಲಿ ಅಪ್ಪ ನಡೆದುಕೊಂಡು ಬರಲಿಲ್ಲ. ಜ್ವರದಲ್ಲಿ ಕಣ್ಣು ಮೇಲಾಗಿತ್ತು, ಅವ್ವ ಮತ್ತು ಕಂಡಕ್ಟರು ಎರಡು ಕಡೆ ಹಿಡಿದು ಇಳಿಸಿದರು. ತೋಳಿನ ಮೇಲೆ ಮೊಣಕೈ ತನಕ ಒಂದು ಕೆಂಪು ಗೆರೆ ಎದ್ದಿತ್ತು. ಡಾಕ್ಟರರು ಅದನ್ನು ನೋಡಿ ಈ ಸಲ ನನಗೆ ಏನೂ ಹೇಳಲಿಲ್ಲ, ಬರೀ ಹಾಳೆ ಮುಂದಿಟ್ಟು ಎಲ್ಲಿ ಸಹಿ ಹಾಕಬೇಕೆಂದು ಬೆರಳು ತೋರಿಸಿದರು. ಅಪ್ಪನಿಗೆ ಪ್ರಜ್ಞೆ ಇರಲಿಲ್ಲ. ಅವನನ್ನು ಕೇಳದೆ ನಾನು ಎರಡನೆಯ ಸಲ ಸಹಿ ಹಾಕಿದೆ. ಮೊಣಕೈಯಿಂದ ನಾಲ್ಕು ಬೆರಳಿನಷ್ಟು ಮೇಲಕ್ಕೆ ಕೈಯನ್ನು ಕತ್ತರಿಸಿದರು.

ಮೂರನೆಯ ದಿನ ಅಪ್ಪನಿಗೆ ಪೂರ್ತಿ ಎಚ್ಚರವಾಯಿತು. ಬಲಗೈಯಿಂದ ಎಡಭುಜವನ್ನು ತಡವಿ, ಕೆಳಗಿಳಿಯುತ್ತ ಬಂದು, ಪಟ್ಟಿ ಮುಗಿದ ಜಾಗದಲ್ಲಿ ನಿಲ್ಲಿಸಿದ. ಅಳಲಿಲ್ಲ, ಕೂಗಲಿಲ್ಲ. ಕೊರಳಿಗೆ ಕೈ ಹಾಕಿ ಲಿಂಗ ಇದೆಯೋ ಇಲ್ಲವೋ ನೋಡಿಕೊಂಡ. ಅವ್ವ ಗಂಜಿ ತಂದಾಗ ಬಾಯಿ ತೆರೆಯಲಿಲ್ಲ. ಸಂಜೆಯೂ ಇಲ್ಲ, ಮರುದಿನವೂ ಇಲ್ಲ. ಪೂಜೆಯಿಲ್ಲದೆ ಉಣ್ಣುವಂತಿಲ್ಲ, ಲಿಂಗ ಇಡಲು ಕೈಯಿಲ್ಲ. ಡಾಕ್ಟರರು ನಳಿಗೆಯಿಂದ ಗ್ಲುಕೋಸ್ ಏರಿಸಿದರು, ಹೀಗೆ ಎಷ್ಟು ದಿನ ಎಂದು ನನ್ನನ್ನು ಕೇಳಿದರು. ಸ್ವಾಮಿಗಳೊಬ್ಬರನ್ನು ಕರೆತಂದೆ. ಅವರು ಬಟ್ಟಲಿನಲ್ಲಿಟ್ಟು ಪೂಜೆ ಮಾಡಬಹುದು, ತಪ್ಪಿಲ್ಲ ಎಂದರು. ಅಪ್ಪ ಅವರಿಗೆ ಮಲಗಿದಲ್ಲೇ ಶರಣು ಮಾಡಿದ, ಒಪ್ಪಲಿಲ್ಲ. ಸಾಯಲು ಕೂತಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ದಾರಿ ಕಂಡದ್ದು ಅವ್ವನಿಗೆ. ಆರನೆಯ ದಿನ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಬಂದು ಮಂಚದ ಎಡಗಡೆಗೆ ಕೂತಳು. ತನ್ನ ಎಡಗೈಯನ್ನು ಅಪ್ಪನ ಎದೆಯ ಮುಂದಕ್ಕೆ ಚಾಚಿದಳು.

"ಇದು ನಿಮ್ದೇ ಅಲ್ಲೇನ್ರಿ? ಇಡ್ರಿ ಇದ್ರ ಮ್ಯಾಲ."

ಅಪ್ಪ ಬಹಳ ಹೊತ್ತು ಅವಳ ಅಂಗೈ ನೋಡಿದ. ಆಮೇಲೆ ಒಂದೇ ಕೈಯಿಂದ ಕರಡಿಗೆ ಬಿಚ್ಚಲು ಹೆಣಗಿ, ಕೊನೆಗೆ ಬಿಚ್ಚಿ, ಲಿಂಗವನ್ನು ಅಲ್ಲಿ ಇಟ್ಟ. ಪೂಜೆಯಾಯಿತು. ಅರ್ಧ ಬಟ್ಟಲು ಗಂಜಿ ಕುಡಿದ. ನಾನು ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಹಚ್ಚಿ ಅತ್ತೆ. ಅಪ್ಪ ಬದುಕಿದ ಎಂಬ ಸಂತೋಷ ಒಂದು ಕಡೆ. ಇನ್ನು ಆ ಹಾಳೆಯ ಮಾತು ಯಾರಿಗೂ ತಿಳಿಯುವುದಿಲ್ಲ ಎಂಬ ಸಮಾಧಾನವೂ ಅದರ ಜೊತೆಗೇ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಅದಾದ ವಾರಕ್ಕೆ ಕಲ್ಯಾಣದಲ್ಲಿ ನಮ್ಮ ಎಮ್ಮೆ ಈಯಲು ಬಂದಿದೆ ಎಂದು ಸುದ್ದಿ ಬಂತು. ಅವ್ವ ಬೆಳಗಿನ ಪೂಜೆ ಮುಗಿಸಿಕೊಟ್ಟು ಹೋದಳು, ಸಂಜೆಗೆ ಬರುತ್ತೇನೆ ಎಂದವಳು ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಖೋಲಿಯಲ್ಲಿ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಪತ್ರಿ ಹುಡುಕಿ ತಂದು ದವಾಖಾನೆಗೆ ಹೋದೆ. ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತು ಎಡಗೈ ಚಾಚಿದೆ.

"ಅಪ್ಪಾ, ಪೂಜಾ ಮಾಡಿಕೊಳ್ರಿ. ಅವ್ವ ಬರೂದು ತಡ ಆಗ್ತದ."

ಅಪ್ಪ ನನ್ನ ಕೈಯನ್ನು ನೋಡಿದ. ಕರಡಿಗೆಗೆ ಕೈ ಹಾಕಲಿಲ್ಲ.

"ನಿಮ್ಮವ್ವ ಬರ್ಲಿ" ಎಂದ.

"ಯಾಕ್ರಿ? ನಾ ಮೈ ತೊಳಕೊಂಡೇ ಬಂದೀನಿ. ಸಕ್ಕರಿ ಬ್ಯಾನಿ ಅದ, ಉಪಾಸ ಇರಬಾರದು ನೀವು."

ಅವನು ಕಿಟಕಿಯ ಕಡೆ ತಿರುಗಿದ. ಆಮೇಲೆ ಹೇಳಿದ: "ನಿನ್ನಿ ಆ ನರ್ಸ್ ಬಂದಿದ್ಳು, ರಜಾ ಮುಗಿಸಿ. ಚೀಟಿ ಎಲ್ಲಾ ಓದಿದ್ಳು. 'ಯಜಮಾನ್ರೇ, ಎರಡ ಬೆರಳು ಅಂದಾಗ ಕೊಟ್ಟಿದ್ರ ಕೈ ಉಳೀತಿತ್ತಲ್ರಿ, ಉಗುರಿಲೆ ಹೋಗೋದಕ್ಕ ಕೊಡಲಿ ತರಿಸಿದ್ರಿ' ಅಂದ್ಳು. ನನಗ ಹೇಳೇ ಇಲ್ಲ ಅಂದೆ. 'ನಿಮ್ಮ ಮಗ ಬರಕೊಟ್ಟಾರಲ್ಲ' ಅಂತ ತೋರ್ಸಿದ್ಳು."

ನನ್ನ ಕೈ ಚಾಚಿದಲ್ಲೇ ಇತ್ತು. ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

"ಬಸ್ಸಿನಾಗ ನೀವೇ ಅಂದಿದ್ರಲ್ರಿ ಅಪ್ಪಾ... ಕೊಯ್ಯೋ ಮಾತ ಆಡಿದ್ರ ಎದ್ದು ಬರ್ತೀನಿ ಅಂತ."

"ಅಂದಿದ್ದೆ. ಅಂಜಿಕಿಗಿ ಅಂದಿದ್ದೆ. ಅಂಜಿದವನಿಗಿ ತಿಳಿಸಿ ಹೇಳಬೇಕು, ಮಗ ಮತ್ಯಾಕ ಇರ್ತಾನ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. "ಲಿಂಗ ಕೂಡೋದು ಅಂಗೈ ಮ್ಯಾಲ, ತಮ್ಮಾ. ಬೆರಳ ಮ್ಯಾಲ ಅಲ್ಲ. ಎರಡ ಬೆರಳು ಏನ್ ದೊಡ್ಡ ಮಾತು? ನೀ ಒಂದ್ ಮಾತು ಕೇಳಿದ್ರ ಅವತ್ತೇ ಕೊಡ್ತಿದ್ದೆ."

ಅವ್ವ ಮಧ್ಯಾಹ್ನ ಎರಡು ಗಂಟೆಯ ಬಸ್ಸಿಗೆ ಬಂದಳು. ಅಲ್ಲಿಯವರೆಗೆ ಅಪ್ಪ ಒಂದು ಗುಟುಕು ನೀರೂ ಕುಡಿಯಲಿಲ್ಲ.